ಅವಳನ್ನ ನಾನು ಬಿಡಲ್ಲ

೧

ಬೇಸಿನ್ನಿನ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಶಾಂಪೂ ಬಿಟ್ಟೆ. ಥರ್ಮಾಕೋಲ್ ತಲೆಗೆ ಚುಚ್ಚಿದ್ದ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ತಟ್ಟೆಯಲ್ಲಿಟ್ಟೆ. ವಿಗ್ಗನ್ನು ಬಿಡಿಸಿ ನೀರಿನಲ್ಲಿ ಮುಳುಗಿಸಿದೆ. ಉಜ್ಜಲಿಲ್ಲ, ಹಿಂಡಲಿಲ್ಲ. ಅಂಗೈ ಮೇಲೆ ಹರಡಿಕೊಂಡು ಬುಡದಿಂದ ತುದಿಯವರೆಗೆ ನೀರು ಇಳಿಯಲು ಬಿಟ್ಟೆ. ಕಡುಗೆಂಪು ಕೂದಲಿನ ಅಲೆಗಳು ಒಂದರ ಹಿಂದೆ ಒಂದು ನೇರವಾದವು. ಬೆಳಿಗ್ಗೆ ಏಳೂವರೆ. ಪಾರ್ಲರಿನಲ್ಲಿ ಬೇರೆ ಯಾರೂ ಇರಲಿಲ್ಲ. ರೇಡಿಯೋ ಹಾಕಿರಲಿಲ್ಲ.

ಕಥೆ ಇಲ್ಲಿಂದ ಶುರುವಾಗಬಹುದೇ? ನನಗೆ ಅನುಮಾನ. ವಿಗ್ ತೊಳೆಯುವುದರಲ್ಲಿ ಏನಿದೆ ಎಂದು ನೀವು ಪುಟ ಮಗುಚಿಬಿಡಬಹುದು. ಅದಕ್ಕೆ ಮೊದಲು ಹೇಳಿಬಿಡುತ್ತೇನೆ: ಈ ಕಥೆಯಲ್ಲಿ ನಡೆಯುವ ಒಂದೇ ಒಂದು ಅಪರಾಧ ಇದು. ಮಾಡಿದವಳು ನಾನು.

(ನೋಡಿ, ಎರಡನೇ ಪ್ಯಾರಾದಲ್ಲೇ ಬಾಯಿಬಿಟ್ಟೆ. ಕಥೆ ಬರೆಯುವವರು ಇಂಥದ್ದನ್ನು ಕೊನೆಯವರೆಗೆ ಮುಚ್ಚಿಡುತ್ತಾರಂತೆ. ನನಗೆ ಮುಚ್ಚಿಡಲು ಬರುವುದಿಲ್ಲ. ಮಾತೇ ಆಡದೆ ಇರಲು ಮಾತ್ರ ಬರುತ್ತದೆ.)

೧ (ಇನ್ನೊಮ್ಮೆ)

ಅಥವಾ ಲೋಟದಿಂದ ಶುರು ಮಾಡಬೇಕೇ? ಟೀವಿಯಲ್ಲಿ ಆ ರಿಯಾಲಿಟಿ ಶೋ ನೋಡಿದವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ಊಟದ ಮೇಜು. ಈ ಕಡೆ ಟ್ರೆನೀಸ್, ಮೂವತ್ತಾರು ವರ್ಷ, ಒಂದು ಕಾಲಕ್ಕೆ ಹೆಸರಾಗಬೇಕಿದ್ದ ರ‍್ಯಾಪ್ ಹಾಡುಗಾರ್ತಿ. ಆ ಕಡೆ ಕಾಮ್ರಿ, ಇಪ್ಪತ್ತೇಳು, ಟ್ರೆನೀಸಳ ಹಳೆಯ ಗೆಳೆಯ ಕಾರ್ವಿನ್‌ನ ಈಗಿನ ಗೆಳತಿ. ಕಾಮ್ರಿ ಏನೋ ಅನ್ನುತ್ತಾಳೆ. ಟ್ರೆನೀಸಳ ಕೈ ಲೋಟದ ಮೇಲಿದೆ. ಫಳ್ಳೆಂದು ಗಾಜು ಒಡೆದ ಸದ್ದು. ಟ್ರೆನೀಸಳ ಗಂಟಿಕ್ಕಿದ ಹುಬ್ಬು. ಕಾಮ್ರಿಯ ಬೆಚ್ಚಿದ ಮುಖ. ಜಾಹೀರಾತು.

ನಾನು ಅಲ್ಲೇ ಇದ್ದೆ, ಕ್ಯಾಮೆರಾದ ಹಿಂದೆ, ಬಾಚಣಿಗೆ ಹಿಡಿದುಕೊಂಡು. ಒಡೆದದ್ದು ಹಿಂದಿನ ಮೇಜಿನ ಲೋಟ. ಬಡಿಸುವವನ ಕೈಯಿಂದ ಜಾರಿತ್ತು. ಟ್ರೆನೀಸ್ ತಿರುಗಿ, "ಕೈಗೆ ಚುಚ್ಚೀತು, ನೋಡ್ಕೊಂಡು ಎತ್ತಪ್ಪ" ಅಂದಳು. ಮಾತು ಟೀವಿಯಲ್ಲಿ ಬರಲಿಲ್ಲ. ತಿರುಗಿದ ಮುಖ ಬಂತು. ಹುಬ್ಬು ಗಂಟಿಕ್ಕಿದ್ದು ಆ ಮನುಷ್ಯನ ಕೈಯ ಚಿಂತೆಯಿಂದ.

ಲೋಟದಿಂದ ಶುರು ಮಾಡಿದರೆ ನಾನೂ ಅವರ ಸಾಲಿಗೇ ಸೇರಿದೆ. ಬೇಡ. ಹೊಡೆದುಹಾಕಿದ್ದೇನೆ. (ಹೊಡೆದುಹಾಕಿದ್ದನ್ನು ನೀವು ಓದಿಯಾಯಿತು. ಅದಕ್ಕೆ ನಾನು ಜವಾಬ್ದಾರಳಲ್ಲ.)

೨

ಸುಮ್ಮನೆ ಪರಿಚಯ ಮಾಡಿಕೊಡುತ್ತೇನೆ. ನನ್ನ ಹೆಸರು ಜೊನೆಲ್. ಇಪ್ಪತ್ತೆರಡು ವರ್ಷ. ಅಟ್ಲಾಂಟಾದಲ್ಲಿ, ಕ್ಯಾಸ್ಕೇಡ್ ರೋಡಿನ ಮೇಲೆ ನನ್ನ ಸೋದರತ್ತೆ ಅರ್ಲೀನ್ ಅವರ ಪಾರ್ಲರ್ ಇದೆ. ಹತ್ತನೇ ಕ್ಲಾಸಿನ ನಡುವಿನಲ್ಲಿ ನಾನು ಶಾಲೆ ಬಿಟ್ಟೆ. ಗಟ್ಟಿಯಾಗಿ ಓದು ಎಂದು ಎಬ್ಬಿಸಿ ನಿಲ್ಲಿಸಿದಾಗಲೆಲ್ಲ ನಾಲಗೆ ಒಣಗುತ್ತಿತ್ತು. ಒಂದು ದಿನ ಎದ್ದವಳು ನಿಲ್ಲದೆ ಬಾಗಿಲ ಕಡೆಗೇ ನಡೆದೆ. ಅತ್ತೆ ಬೈಯಲಿಲ್ಲ. "ಇಲ್ಲಿ ಓದೋದು ತಲೇನ, ಅದಕ್ಕೆ ದನಿ ಬೇಕಾಗಿಲ್ಲ" ಅಂದರು. ಬ್ರಷ್ ಕೈಗೆ ಕೊಟ್ಟರು.

ಶೋನವರು ಕರೆತಂದಿದ್ದ ಕೇಶವಿನ್ಯಾಸದವನಿಗೆ ನಮ್ಮ ಕಪ್ಪು ಜನರ ಕೂದಲು ಮುಟ್ಟಲು ಭಯ. ಹೀಗೆ ಆ ಕೆಲಸ ನನಗೆ ಬಂತು. ಶೋಗೆ ಒಂದು ಹೆಸರಿದೆ. ಹೇಳುವುದಿಲ್ಲವೆಂದು ಸಹಿ ಹಾಕಿದ್ದೇನೆ. ನಮ್ಮೂರಿನ ರ‍್ಯಾಪ್ ಹಾಡುಗಾರರು, ಅವರ ಹೆಂಡತಿಯರು, ಮಾಜಿ ಹೆಂಡತಿಯರು, ಸದ್ಯದಲ್ಲೇ ಮಾಜಿಯಾಗಲಿರುವವರು. ಇಷ್ಟು ಸಾಕು, ನಿಮಗೆ ಗೊತ್ತಾಗುತ್ತದೆ.

ನನ್ನ ಕೆಲಸ ಯಾರ ಕೂದಲೂ ಬದಲಾಗದಂತೆ ನೋಡಿಕೊಳ್ಳುವುದು. ಯಾಕೆಂದರೆ, ಆ ಹೆಂಗಸರು ಒಂಟಿ ಕುರ್ಚಿಯಲ್ಲಿ ಕೂತು ಕ್ಯಾಮೆರಾಕ್ಕೆ ಮನಸ್ಸು ಬಿಚ್ಚುತ್ತಾರಲ್ಲ, ಆ ಮಾತುಗಳೆಲ್ಲ ಒಂದೇ ದಿನ ಆಡಿದ್ದಲ್ಲ. ಅರ್ಧ ಫೆಬ್ರುವರಿಯದು, ಅರ್ಧ ಜುಲೈಯದು. ಅಂಗಿ ಅದೇ, ಓಲೆ ಅದೇ, ವಿಗ್ ಅದೇ ಆಗಿದ್ದರೆ ಯಾವ ದಿನದ ಮಾತನ್ನು ಯಾವ ದಿನದ ಮಾತಿಗೆ ಬೇಕಾದರೂ ಹೊಲಿಯಬಹುದು. ವಿಗ್ ಬದಲಾದರೆ ಹೊಲಿಗೆ ಕಾಣಿಸುತ್ತದೆ. ಅದಕ್ಕೆ ಪ್ರತಿ ವಿಗ್ಗಿಗೂ ನಾನೊಂದು ಕಾರ್ಡು ಬರೆದು ಡಬ್ಬಿಯಲ್ಲಿಡುತ್ತಿದ್ದೆ:

"ಟ್ರೆನೀಸ್. ಕಡುಗೆಂಪು, ಭುಜದವರೆಗೆ. ಬೈತಲೆ ಎಡಹುಬ್ಬಿನ ನೇರಕ್ಕೆ. ಅಲೆ: ಎಡಕ್ಕೆ ಏಳು, ಬಲಕ್ಕೆ ಐದು. ಬಲಗಿವಿಯ ಹಿಂದೆ ಒಂದು ಎಳೆ ತಪ್ಪಿಸಿಕೊಂಡಿದೆ. ಸಿಕ್ಕಿಸಬೇಡಿ, ಹಾಗೇ ಇರಲಿ."

ನಾನು ಬರೆಯಲು ಕಲಿತದ್ದು ಆ ಕಾರ್ಡುಗಳ ಮೇಲೆ. ಈ ಕಥೆಯೂ ಕಾರ್ಡಿನಂತಿದ್ದರೆ ಬೇಸರಿಸಬೇಡಿ.

(ಅಲೆಗಳ ಬಗ್ಗೆ ಒಂದು ಮಾತು. ಅವು ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದವು. ನೀರು ತಾಗಿದರೆ ಹೋದವು. ಮತ್ತೆ ಕೂರಿಸಬಹುದು, ಆದರೆ ಅದೇ ಅಲೆ ಬರುವುದಿಲ್ಲ. ಅದೇ ಬೆರಳಿಗೂ ಬರುವುದಿಲ್ಲ.)

೩

ಟ್ರೆನೀಸ್ ಆ ಶೋಗೆ ಯಾಕೆ ಬಂದಳೆಂದು ನಾನು ಕೇಳಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಅವಳೇ ಹೇಳಿದಳು.

"ಕಾರ್ವಿನ್‌ದು ಆ ಹಾಡು ಗೊತ್ತಾ ನಿಂಗೆ?"

ಗೊತ್ತಿಲ್ಲದವರು ನಮ್ಮೂರಿನಲ್ಲಿಲ್ಲ. ಮದುವೆಗಳಲ್ಲಿ, ಫುಟ್‌ಬಾಲ್ ಆಟದ ವಿರಾಮದಲ್ಲಿ, ಹಿತ್ತಲಲ್ಲಿ ಮಾಂಸ ಸುಡುವ ಭಾನುವಾರಗಳಲ್ಲಿ ಆ ಹಾಡಿನ ಎರಡನೇ ಚರಣ ಬಂದರೆ ಮಂಡಿನೋವಿನ ಅಜ್ಜಿಯರೂ ತಟ್ಟೆ ಕೆಳಗಿಟ್ಟು ಏಳುತ್ತಾರೆ. ತಲೆಯಾಡಿಸಿದೆ.

"ಎರಡನೇ ಚರಣ ನಂದು. ಹತ್ತೊಂಬತ್ತು ನಂಗಾಗ. ಅಮ್ಮನ ಮನೇಲಿ ಬಟ್ಟೆ ಒಗೆಯೋ ಮಷೀನ್ ಮೇಲೆ ಕೂತ್ಕೊಂಡು ಬರ್ದೆ. ಮಷೀನ್ ತಿರುಗ್ತಿತ್ತಲ್ಲ, ಅದೇ ತಾಳ."

"ಹೆಸರು..." ಅಂದೆ.

"ಹೆಸರು ಅವನ್ದು. ಕೇಳಿದ್ದಕ್ಕೆ, ನಾವಿಬ್ರೂ ಒಂದೇ ಅಲ್ವಾ ಬೇಬಿ ಅಂದ. ಆಮೇಲೆ ಒಂದೇ ಆಗಿದ್ದೋರು ಇಬ್ರಾದ್ವಿ. ಹಾಡು ಮಾತ್ರ ಒಂದೇ ಉಳೀತು, ಅವನ ಹತ್ರ."

ಫೋನಿನಲ್ಲಿ ವಿಡಿಯೋ ಮಾಡಿ ಹೇಳಿ ಹಾಕಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾಲ್ಕು ವರ್ಷ ಹೇಳಿದ್ದಳು. ಕೆಳಗೆ ಜನ ಬರೆದದ್ದು: ಹೊಟ್ಟೆಕಿಚ್ಚು. ಅವನ ಹಾಡಿಗೆ ಕುಣಿದವರೆಲ್ಲ ನೋಡುವ ಜಾಗದಲ್ಲಿ, ತನ್ನ ಬಾಯಿಯಿಂದ, ತನ್ನ ಮುಖ ಕಾಣುವಂತೆ ಒಮ್ಮೆ ಹೇಳಬೇಕೆಂಬುದು ಅವಳ ಹಟ. ಅದಕ್ಕಾಗಿಯೇ ಬಂದಳು. ಆ ಕುರ್ಚಿಯಲ್ಲಿ ಕೂತು ಹನ್ನೊಂದು ಸಲ ಹೇಳಿದಳು. ಹನ್ನೊಂದೂ ಸಲ ಕತ್ತರಿಸಿದರು. ಉಳಿದದ್ದು ಲೋಟ.

೩ರ ಮಧ್ಯೆ ಬಂದ ತಕರಾರು

"ಒಂದ್ನಿಮಿಷ," ಅನ್ನುತ್ತಾಳೆ ಟ್ರೆನೀಸ್. (ನಿಜದವಳಲ್ಲ. ನಿಜದವಳು ನನ್ನೊಂದಿಗೆ ಮಾತು ಬಿಟ್ಟು ಏಳು ವಾರವಾಯಿತು. ಇವಳು ಕಾಗದದ ಮೇಲಿನವಳು.) "ಎದುರಿಗೆ ಮಿಸ್ ಟ್ರೆನೀಸ್, ನೀವು, ಅಂತ ಕತ್ತು ಬಗ್ಗಿಸ್ತಿದ್ದೆ. ಬರೆಯೋಕೆ ಕೂತ ತಕ್ಷಣ ನಾನು 'ಅವಳು' ಆಗ್ಬಿಟ್ನಾ?"

"ಕಥೆಗಳಲ್ಲಿ ಹಾಗೇ ಬರೀತಾರೆ, ಮಿಸ್ ಟ್ರೆನೀಸ್."

"ನಿಮ್ಮತ್ತೆಗೆ ಮಾತ್ರ ಅಂದರು, ಕೊಟ್ಟರು. ನಂಗೆ ಅಂದಳು, ಬಂದಳು. ನಾನೇನು ಪಕ್ಕದ್ಮನೆ ಬೆಕ್ಕಾ?"

"ತಿದ್ತೀನಿ."

"ಮೇಲಿಂದನಾ?"

"ಇಲ್ಲ. ಮೇಲಿಂದು ಹಾಗೇ ಇರ್ಲಿ. ಎಲ್ಲಿ ತಿದ್ದಿದೀನಿ ಅಂತ ಓದೋರಿಗೆ ಕಾಣ್ಲಿ."

"ಹೊಲಿಗೆ ಕಾಣೋ ಹಾಗೆ ಬಿಡ್ತೀಯ. ಅಷ್ಟರ ಮಟ್ಟಿಗೆ ಶೋನವ್ರಿಗಿಂತ ವಾಸಿ ನೀನು."

ಹಾಗಾಗಿ ಇಲ್ಲಿಂದ ಮುಂದೆ ಟ್ರೆನೀಸ್ ಅವರು.

೩½

ಈ ಭಾಗ ಕಥೆಗೆ ಬೇಕಿಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಇದೇ ಆದ್ದರಿಂದ ಬಿಡಲು ಮನಸ್ಸಿಲ್ಲ.

ಆ ಕುರ್ಚಿಯಲ್ಲಿ ಕೂರುತ್ತಿದ್ದ ಯಾವ ಹೆಂಗಸೂ ಪೆದ್ದಿಯಲ್ಲ. ಒಬ್ಬರು ತಮಗೆ ಇಷ್ಟವಿಲ್ಲದ ಪ್ರಶ್ನೆ ಬಂದಾಗ ಉತ್ತರದ ಮಧ್ಯೆ ಯಾವುದಾದರೂ ದೊಡ್ಡ ಹಾಡು ಗುನುಗುತ್ತಿದ್ದರು. ಹಾಡಿಗೆ ಅನುಮತಿ ತರಬೇಕಾಗುತ್ತದೆ, ಆ ತುಂಡು ಬಿದ್ದುಹೋಗುತ್ತದೆ. ಇನ್ನೊಬ್ಬರು ವಾಕ್ಯ ವಾಕ್ಯಕ್ಕೂ ಪ್ರೊಡ್ಯೂಸರ್ ಹೆಸರು ಹಿಡಿದು ಕರೆಯುತ್ತಿದ್ದರು; ಆ ಹೆಸರು ಟೀವಿಯಲ್ಲಿ ಕೇಳಿಸುವಂತಿಲ್ಲ. ಕಾಮ್ರಿ ಅಳಬೇಕಾದ ದಿನ ಬೆಳಿಗ್ಗೆ ನನ್ನ ಹತ್ತಿರ ಬಂದು, "ಯಾವ್ ಕಣ್ಣಲ್ಲಿ ಅತ್ರೆ ಚೆನ್ನಾಗ್ ಕಾಣುತ್ತೆ ನೋಡಿ ಹೇಳೇ" ಎಂದು ಎರಡೂ ಕಣ್ಣಲ್ಲಿ ಅತ್ತು ತೋರಿಸಿದ್ದಳು. ಎಡಗಣ್ಣು ಅಂದೆ. ಆ ಕಂತು ಬಂದ ಮರುದಿನ ಅಂಟಿಸುವ ರೆಪ್ಪೆಯ ಅಂಗಡಿ ತೆರೆದಳು. ಒದ್ದೆಯಾದರೂ ಬೀಳದ ರೆಪ್ಪೆ.

(ಕಾಮ್ರಿ ನನ್ನನ್ನು "ಲೇ" ಅನ್ನುತ್ತಾಳೆ. ಅವಳಿಗೆ ಏಕವಚನವೇ ಸಾಕು.)

ಇಷ್ಟೆಲ್ಲ ಕಂಡಿದ್ದವಳು ನಾನು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ, ನಾನೆಂಥ ಪೆದ್ದಿ ಎಂದು ಗೊತ್ತಾಗುತ್ತದೆ.

೪

ಜುಲೈ. ಶೂಟಿಂಗ್ ಮುಗಿದು ನಾಲ್ಕು ತಿಂಗಳು. ಶೋ ವಾರವಾರ ಬರುತ್ತಿದೆ, ಲೋಟ ಊರೆಲ್ಲ ಒಡೆದಾಗಿದೆ. ಶುಕ್ರವಾರ ಪಾರ್ಲರಿನಲ್ಲಿ ಟ್ರೆನೀಸ್ ಅವರು ತಲೆಗೆ ಕವಿಯುವ ಡ್ರೈಯರಿನ ಕೆಳಗೆ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಡೇರಿಯಾ. ಆ ಶೋನ ಪ್ರೊಡ್ಯೂಸರ್. ನಮ್ಮವರೇ, ಅವರ ಕೂದಲನ್ನೂ ಅತ್ತೆಯೇ ಹೆಣೆಯುವುದು. (ಅವರಿಗೂ ಬಹುವಚನ. ಇನ್ನೊಂದು ತಕರಾರು ನನ್ನಿಂದಾಗದು.) ಅರ್ಧ ತಲೆ ಹೆಣೆದಾಗಿತ್ತು, ಅರ್ಧ ತಲೆ ಬಿಚ್ಚಿ ನಿಂತಿತ್ತು.

"ಒಂದೇ ಒಂದು ವಾಕ್ಯ ಕಣೇ," ಅಂದರು ಡೇರಿಯಾ. "ಒಂಬತ್ತನೇ ಕಂತಿಗೂ ಹತ್ತಕ್ಕೂ ಮಧ್ಯೆ ಕೊಂಡಿ ಬೇಕು. ಮಂಗಳವಾರ ಬಾ. ಹತ್ತು ನಿಮಿಷ."

"ಯಾವ ವಾಕ್ಯ?"

"ಅವಳನ್ನ ನಾನು ಬಿಡಲ್ಲ."

"ಯಾರನ್ನ?"

"ಕಾಮ್ರಿನ ಅಂತ ಜನ ಅಂದ್ಕೊಳ್ತಾರೆ. ನೀನು ಹೆಸರು ಹೇಳ್ಬೇಕಾಗಿಲ್ಲ."

"ಕಾಮ್ರಿ ಮೊನ್ನೆ ಸಿಹಿಗೆ ಅಂತ ಪೀಚ್ ಹಣ್ಣಿನ ಕಾಬ್ಲರ್ ಮಾಡಿ ಕಳ್ಸಿದ್ಲು. ಅವಳ ಪಾತ್ರೆ ಇನ್ನೂ ನನ್ನ ಸಿಂಕಲ್ಲಿದೆ."

"ಗೊತ್ತು. ಅದನ್ನ ತೋರಿಸಿದ್ರೆ ಯಾರು ನೋಡ್ತಾರೆ ಹೇಳು."

"ನಾನು ನೋಡ್ತೀನಿ," ಅಂದರು ಅತ್ತೆ, ಡೇರಿಯಾ ಅವರ ತಲೆಯನ್ನು ಮುಂದಕ್ಕೆ ಬಗ್ಗಿಸುತ್ತ. "ಆ ಹುಡುಗಿ ಮೇಲಿನ ಪದರ ಗರಿಗರಿ ಹೇಗೆ ಮಾಡ್ತಾಳೆ ಅಂತ."

ಟ್ರೆನೀಸ್ ಅವರು ನಗಲಿಲ್ಲ. ತುಟಿ ಅಲುಗಿತು, ಮಾತು ಬರಲಿಲ್ಲ. ಕುರ್ಚಿಯ ಕೈ ಮೇಲೆ ಬೆರಳುಗಳು ಒಂದೇ ಸಮನೆ ಬಡಿಯುತ್ತಿದ್ದವು. ತಲೆ ತಗ್ಗಿಸಿದರು. ಆಮೇಲೆ, "ಆಯ್ತು. ಮಂಗಳವಾರ. ಅದೇ ವಿಗ್ಗಾ?" ಅಂದರು.

"ಅದೇ ವಿಗ್, ಅದೇ ಅಂಗಿ. ಇಲ್ದಿದ್ರೆ ಹೊಂದಲ್ಲ."

ನಾನು ನೆಲ ಗುಡಿಸುತ್ತ ಎಲ್ಲವನ್ನೂ ನೋಡಿದೆ. ತಗ್ಗಿದ ತಲೆ, ನಡುಗುವ ಬೆರಳು, ಬಾಯಿಗೆ ಬರದ ಮಾತು. ಸೋತುಹೋದರು ಎಂದುಕೊಂಡೆ. ಶನಿವಾರವೂ ಬಂದರು. ಸೋಮವಾರ ಪಾರ್ಲರಿಗೆ ರಜೆಯಾದರೂ ಅತ್ತೆಯಿಂದ ಬಾಗಿಲು ತೆಗೆಸಿ ಬಂದರು. ಕೂದಲು ಒದ್ದೆಯಿಲ್ಲದಿದ್ದರೂ ಡ್ರೈಯರಿನ ಸದ್ದಿನ ಕೆಳಗೆ ಕಣ್ಣು ಮುಚ್ಚಿ ಕೂತರು. ತುಟಿ ಅಲುಗುತ್ತಲೇ ಇತ್ತು. ಪ್ರಾರ್ಥನೆ ಎಂದುಕೊಂಡೆ.

೬

(೫ನ್ನು ಹರಿದುಹಾಕಿದೆ. ಅದರಲ್ಲಿ ನಾನು ಬಹಳ ಒಳ್ಳೆಯವಳಾಗಿದ್ದೆ.)

ಮಂಗಳವಾರ ಒಂಬತ್ತಕ್ಕೆ ಡೇರಿಯಾ ಮತ್ತು ಟ್ರೆನೀಸ್ ಜೊತೆಯಲ್ಲೇ ಬಂದರು. ಟ್ರೆನೀಸ್ ಆಗಲೇ ಆ ಅಂಗಿ ತೊಟ್ಟಿದ್ದರು. ಥರ್ಮಾಕೋಲ್ ತಲೆಯ ಮೇಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೂದಲು ಸಪಾಟಾಗಿ ಅಂಟಿಕೊಂಡಿತ್ತು.

"ಇದೇನಿದು ಜೊನೆಲ್?" ಅಂದರು ಡೇರಿಯಾ.

"ತೊಳೆದೆ, ಮ್ಯಾಮ್."

"ತೊಳೆದೆ ಅಂದ್ರೆ?"

"ನೀರು ಹಾಕಿ ತೊಳೆದ್ಲು," ಅಂದರು ಒಳಗಿನಿಂದ ಬಂದ ಅತ್ತೆ. "ಇನ್ನೆಷ್ಟು ಅರ್ಥ ಇರುತ್ತೆ ಅದಕ್ಕೆ."

ನಾನು ಟ್ರೆನೀಸ್ ಅವರ ಕಣ್ಣು ನೋಡಿದೆ. ಅಲ್ಲಿ ಏನು ಕಾಣುತ್ತದೆಂದು ನಿರೀಕ್ಷಿಸಿದ್ದೆನೋ ಹೇಳಲು ನಾಚಿಕೆ. ನಾನು ಅವರನ್ನು ಉಳಿಸಿದ್ದೆನಲ್ಲ. ಅವರು ವಿಗ್ಗನ್ನು ನೋಡುತ್ತಿದ್ದರು, ನಿಲ್ದಾಣದಿಂದ ಹೊರಟುಹೋದ ಬಸ್ಸನ್ನು ನೋಡುವ ಹಾಗೆ.

ಡೇರಿಯಾ ಹೊರಗೆ ಹೋಗಿ ಫೋನಿನಲ್ಲಿ ಮಾತನಾಡಿ ಬಂದರು. "ಬಿಡಿ. ಇವತ್ತು ಕೊನೆ ದಿನ, ಇನ್ನೊಂದಿನ ಕೊಡಲ್ಲ ಚಾನೆಲ್‌ನವ್ರು. ಮುಖ ಇಲ್ದೆ ಏನಾದ್ರೂ ಮಾಡ್ತೀನಿ." ನನ್ನ ಭುಜ ತಟ್ಟಿದರು. ನನಗೆ ಬೇಕಿದ್ದ ಬೈಗುಳವನ್ನೂ ಕೊಡದೆ ಹೋದರು.

ಟ್ರೆನೀಸ್ ಅವರು ಕುರ್ಚಿಯಲ್ಲಿ ಕೂತರು.

"ಯಾಕೆ ತೊಳೆದೆ?"

"ನಿಮಗೆ ಅದನ್ನ ಹೇಳೋಕೆ ಇಷ್ಟ ಇರ್ಲಿಲ್ಲ ಅಂತ..."

"ನಾನು ಹಾಗಂದ್ನಾ?"

"ಇಲ್ಲ."

"ಮತ್ತೆ?"

"ಮುಖ ನೋಡಿ ಅನ್ನಿಸ್ತು."

"ಮುಖ ನೋಡಿ." ಅವರು ಕನ್ನಡಿಗೆ ತಿರುಗಿದರು. "ಲೋಟ ಎಸೆದ್ಲು ಅಂತ ಅವ್ರೂ ಮುಖ ನೋಡೇ ಹೇಳಿದ್ದು ತಾಯಿ."

ಆಮೇಲೆ, ಯಾರೂ ಕೇಳದೆ, ಕುರ್ಚಿಯ ಕೈ ಮೇಲೆ ಬೆರಳು ಬಡಿಯುತ್ತ, ಒಂದೇ ಉಸಿರಿನಲ್ಲಿ ಹೇಳಿದರು:

"ಅಮ್ಮನ ಮನೆ ಮಷೀನ್ ಮೇಲೆ ಹತ್ತೊಂಬತ್ತಕ್ಕೆ ಹೆತ್ತೆನೆರಡನೇ ಚರಣ ನನ್ನದವಳನ್ನ ನಾನು ಬಿಡಲ್ಲವಳು ನನ್ನವಳು."

ಒಂದು ಪದದ ಬಾಲ ಇನ್ನೊಂದರ ಬಾಯಲ್ಲಿತ್ತು. ಡೇರಿಯಾ ಕೇಳಿದ ಮೂರು ಪದಗಳೂ ಅದರೊಳಗಿದ್ದವು; "ಅವಳು" ಈಗ ಕಾಮ್ರಿಯಲ್ಲ, ಆ ಚರಣ. ಆದರೆ "ಅವಳನ್ನ" ಎಂಬುದನ್ನು ಬಿಡಿಸಲು ಹೋದರೆ "ನನ್ನದು" ಜೊತೆಗೇ ಬರುತ್ತದೆ. "ಬಿಡಲ್ಲ"ದ ಹಿಂದೆ "ಅವಳು" ಅಂಟಿಕೊಂಡಿದ್ದಾಳೆ. ಕತ್ತರಿ ತೂರಿಸಲು ಕೂದಲೆಳೆಯಷ್ಟೂ ಸಂದಿಲ್ಲ.

"ಉಸಿರು ತಗೊಂಡ ಕಡೆ ಕತ್ತರಿ ಬೀಳುತ್ತೆ," ಅಂದರು. "ಉಸಿರು ಎಲ್ಲಿ ಬಚ್ಚಿಡ್ಬೇಕು ಅಂತ ನಂಗೆ ಹದಿನೇಳು ವರ್ಷದಿಂದ ಗೊತ್ತು. ಅದೇ ನನ್ನ ಕಸುಬು. ಅವ್ರಿಗೆ ಆ ಮೂರು ಪದ ಬೇಕೇ ಬೇಕಿತ್ತು. ಬೇಕಂದ್ರೆ ಪೂರ್ತಿ ತಗೋಬೇಕು, ಇಲ್ಲಾಂದ್ರೆ ಬಿಡ್ಬೇಕು. ಇಷ್ಟು ದಿನಕ್ಕೆ ಒಂದ್ಸಲ ನನ್ನ ಹತ್ರ ಅವ್ರಿಗೆ ಬೇಕಾಗಿದ್ದು ಏನೋ ಇತ್ತು."

"ಮೂರು ದಿನ ಡ್ರೈಯರ್ ಕೆಳಗೆ ಅದನ್ನೇ ಅರೀತಿದ್ಲಲ್ಲ," ಅಂದರು ಅತ್ತೆ ನನಗೆ. "ನೀನೇನಂದ್ಕೊಂಡೆ?"

"ಪ್ರಾರ್ಥನೆ."

ಟ್ರೆನೀಸ್ ಅವರು ನಕ್ಕರು. ನಗು ನಡುವಿನಲ್ಲೇ ನಿಂತಿತು. "ಕೇಳಿದ್ಯಾ ಅರ್ಲೀನ್, ನಿನ್ನ ಸೊಸೆ ಮಾತು. ನಮ್ಮನ್ನ ಕಂಡ್ರೆ ಎಲ್ರಿಗೂ ಎರಡೇ ಹೊಳೆಯೋದು. ಲೋಟ ಎಸೀತಿದಾಳೆ, ಇಲ್ಲಾ ದೇವ್ರನ್ನ ಕರೀತಿದಾಳೆ. ಕೂತು ಕೆಲ್ಸ ಮಾಡ್ತಿರ್ಬೋದು ಅಂತ ಒಬ್ರಿಗಾದ್ರೂ ಅನ್ನಿಸಲ್ಲ."

ಅಂಗಿಯ ಮೇಲೆ ಜಾಕೆಟ್ ಹಾಕಿಕೊಂಡು ಹೊರಟರು. ಬಾಗಿಲಿನ ಹತ್ತಿರ ನಿಂತು, "ನೀನು ಒಳ್ಳೆಯವಳು ಜೊನೆಲ್" ಅಂದರು. ಅದನ್ನು ಅವರು ಹೇಳಿದ ರೀತಿಯನ್ನು ಕಾರ್ಡಿನ ಮೇಲೆ ಬರೆಯಲು ನನಗೆ ಬರುವುದಿಲ್ಲ.

೭

ಎರಡು ವಾರದ ನಂತರ ಹತ್ತನೇ ಕಂತು ಬಂತು. ಸಂಜೆ ಪಾರ್ಲರಿನ ಟೀವಿಯ ಮುಂದೆ ಎಲ್ಲರೂ ಇದ್ದರು, ನಿಂಬೆ-ಮೆಣಸಿನ ಕೋಳಿರೆಕ್ಕೆಯ ಪೊಟ್ಟಣ ಕೈಯಿಂದ ಕೈಗೆ ಹೋಗುತ್ತಿತ್ತು. ತೆರೆಯ ಮೇಲೆ ಟ್ರೆನೀಸ್ ಅವರ ಕಾರು, ಹಿಂದಿನಿಂದ. ಮುಖವಿಲ್ಲ. ದನಿ ಮಾತ್ರ.

"ಅವಳನ್ನ. ನಾನು. ಬಿಡಲ್ಲ."

ಮೂರೂ ಪದಗಳನ್ನು ಆಡಿದಾಗ ನಾನು ಕ್ಯಾಮೆರಾದ ಹಿಂದೆ ಇದ್ದೆ. "ಅವಳನ್ನ" ಎಂಬುದು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದ ದಿನದ ಮಾತಿನದು. "ನಾನು" ಎಲ್ಲಿಯದೋ. "ಬಿಡಲ್ಲ" ಎಂಬುದು ಸಿಹಿ ತಿನ್ನುವುದನ್ನು ಬಿಡುತ್ತೀರಾ ಎಂದು ಕೇಳಿದಾಗ ನಗುತ್ತ ಹೇಳಿದ್ದು. ನಗುವನ್ನು ತೆಗೆದು ಪದವನ್ನು ಇಟ್ಟುಕೊಂಡಿದ್ದರು.

"ಅಬ್ಬಬ್ಬ, ಏನ್ ಹೆಂಗಸಪ್ಪ," ಅಂದರು ಬಣ್ಣ ಹಚ್ಚಿಸಿಕೊಂಡು ಕೂತಿದ್ದ ಒಬ್ಬರು. ಅವರ ದನಿಯಲ್ಲಿ ತಿರಸ್ಕಾರವಿರಲಿಲ್ಲ; ಏನೋ ಒಂದು ಬಗೆಯ ಹೆಮ್ಮೆ ಇತ್ತು, ಇದು ನನಗೆ ಇನ್ನೂ ಅರ್ಥವಾಗಿಲ್ಲ. "ನಾನಾಗಿದ್ರೂ ಬಿಡ್ತಿರ್ಲಿಲ್ಲ. ಜೊನೆಲ್, ನಂಗೂ ಆ ಅಲೆ ಕೂರಿಸ್ತೀಯಾ? ಲೋಟ ಎಸೆದಿದ್ದ ದಿನದ್ದು."

ಕೂರಿಸಿದೆ. ಎಡಕ್ಕೆ ಏಳು, ಬಲಕ್ಕೆ ಐದು. ಬೇರೆಯೇ ಅಲೆ ಬಂತು. ಅವರಿಗೆ ಗೊತ್ತಾಗಲಿಲ್ಲ.

ಸೀಸನ್ ಮುಗಿಯಿತು. ಟ್ರೆನೀಸ್ ಅವರನ್ನು ಮುಂದಿನದಕ್ಕೆ ಕರೆಯಲಿಲ್ಲ. ಅವರು ಬೇರೆ ಪಾರ್ಲರಿಗೆ ಹೋಗುತ್ತಿದ್ದಾರೆಂದು ಅತ್ತೆ ಹೇಳಿದರು, ನನ್ನ ಮುಖ ನೋಡದೆ.

೮: ಕೊನೆಗಳು (ಬೇಕಾದ್ದನ್ನು ಆರಿಸಿಕೊಳ್ಳಬೇಡಿ, ಯಾವುದೂ ನಿಂತಿಲ್ಲ)

ಅ. ನಾನು ವಿಗ್ ತೊಳೆಯುವುದಿಲ್ಲ. ಅವರು ಕೂರುತ್ತಾರೆ, ಹೇಳುತ್ತಾರೆ, ಪೂರ್ತಿ ವಾಕ್ಯ ಟೀವಿಯಲ್ಲಿ ಬರುತ್ತದೆ. ಮುಂದಿನ ಭಾನುವಾರ ಯಾರದೋ ಹಿತ್ತಲಲ್ಲಿ ಎರಡನೇ ಚರಣ ಬಂದಾಗ ಕುಣಿಯುವವರೆಲ್ಲ ನಿಂತು ಅವರ ಕಡೆ ತಿರುಗುತ್ತಾರೆ.

"ತೆಗಿ ಅದನ್ನ," ಅನ್ನುತ್ತಾರೆ ಕಾಗದದ ಟ್ರೆನೀಸ್.

"ಯಾಕೆ? ಚೆನ್ನಾಗಿದೆಯಲ್ಲ."

"ನನ್ನ ಹಾಡು ಬಂದಾಗ ಜನ ಕುಣಿಯೋದು ನಿಲ್ಸಿದ್ರೆ ಅದು ಗೆಲುವಾ? ಹಾಡು ಗೊತ್ತಿಲ್ದೋರು ಬರೆಯೋ ಕೊನೆ ಅದು."

ಆ. ಅವರು ಹೇಳುತ್ತಾರೆ. ಡೇರಿಯಾ ಎಡಿಟಿಂಗ್ ಕೋಣೆಯಲ್ಲಿ ಕೂತು ಹೇಗೋ ಮಾಡಿ ಕತ್ತರಿಸುತ್ತಾರೆ.

ಈಗ ತಕರಾರು ಡೇರಿಯಾ ಅವರದು. "ನನ್ನ ಯಾಕೆ ರಾಕ್ಷಸಿ ಮಾಡ್ತೀಯ?"

"ಹಾಗಾದ್ರೆ ಕತ್ತರಿಸ್ತಿರ್ಲಿಲ್ವಾ, ಮ್ಯಾಮ್?"

ಅವರು ಹೆಣೆದ ಅರ್ಧವನ್ನು ಬೆರಳಿನಲ್ಲಿ ಸುತ್ತುತ್ತಾರೆ. "ಬೇಕಾದ್ರೆ ಹೀಗೆ ಬರಿ. ಡೇರಿಯಾ ಅದನ್ನ ಮೂರು ಸಲ ಹಾಕ್ಕೊಂಡು ಕೇಳಿದಳು. ಅಲ್ಲಿಗೆ ನಿಲ್ಸು."

"ಕೇಳಿದಳು ಅಂತಾನೇ ಬರೀಲಾ? ಕೇಳಿದರು ಬೇಡ್ವಾ?"

"ಆ ಕೋಣೇಲಿ ಕೂತಾಗ ನಂಗೆ ಬಹುವಚನ ಏನೂ ಉಳಿದಿರಲ್ಲ ಬಿಡು."

ಇ. ಒಂದು ದಿನ ಪಾರ್ಲರಿನ ಬಾಗಿಲಿನ ಗಂಟೆ ಅಲುಗುತ್ತದೆ. ಟ್ರೆನೀಸ್ ಅವರು ಬಂದು ನನ್ನ ಕುರ್ಚಿಯಲ್ಲೇ ಕೂತು, "ಆಗಿದ್ದಾಯ್ತು ಬೇಬಿ" ಅನ್ನುತ್ತಾರೆ.

"ಇದು ಯಾರಿಗೋಸ್ಕರ ಬರೆದಿದ್ದು?" ಎಂದು ಕೇಳುತ್ತಾರೆ ಕಾಗದದವರು.

ಹೊಡೆದುಹಾಕಿದೆ.

೯

ಇನ್ನೊಂದು ವಿಷಯ ಉಳಿದಿದೆ. ಇದನ್ನು ಹೇಳದೆ ಕಥೆ ಮುಗಿಸಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

ಆರನೇ ಭಾಗದಲ್ಲಿ ಟ್ರೆನೀಸ್ ಅವರ ಬಾಯಲ್ಲಿ ನಾನಿಟ್ಟ ವಾಕ್ಯ ಅವರದ್ದಲ್ಲ.

ಅವರು ಅದನ್ನು ನನ್ನೆದುರು ಒಂದೇ ಸಲ ಹೇಳಿದ್ದು. ಆಗ ನನ್ನ ಕಿವಿ ನಾಚಿಕೆಯಿಂದ ಕಾದಿತ್ತು. ಮಷೀನು ಇತ್ತು, ಹತ್ತೊಂಬತ್ತು ಇತ್ತು, ಆ ಮೂರು ಪದ ಇತ್ತು, ಅವು ಒಂದಕ್ಕೊಂದು ಅಂಟಿದ್ದವು, ಇಷ್ಟು ಖಚಿತ. "ಹೆತ್ತೆ" ಅಂದರೋ "ಬರೆದೆ" ಅಂದರೋ ಗೊತ್ತಿಲ್ಲ. "ಹೆತ್ತೆ" ನನ್ನದಿರಬೇಕು. ಹೆಂಗಸು ಏನು ಮಾಡಿದರೂ ಅದನ್ನು ಹೆರಿಗೆ ಎಂದು ಬರೆಯುವುದು ಎಲ್ಲರಿಗೂ ಸುಲಭ. ನಡುವೆ ಇನ್ನೂ ಒಂದು ಪದವಿತ್ತು, ಬೀದಿಯ ಹೆಸರೋ ಸೋಪಿನ ಹೆಸರೋ. ಅತ್ತೆಯನ್ನು ಕೇಳಿದೆ. "ನಂಗೆ ತಾಳ ನೆನಪಿದೆ, ಮಾತು ನೆನಪಿಲ್ಲ" ಅಂದು ಬಾಚಣಿಗೆಯಿಂದ ಮೇಜು ಬಡಿದು ತೋರಿಸಿದರು. ನನ್ನ ವಾಕ್ಯ ಆ ತಾಳಕ್ಕೆ ಕೂರುವುದಿಲ್ಲ. ಮೂರು ಬಡಿತ ಹೆಚ್ಚಾಗಿ ಉಳಿಯುತ್ತದೆ.

ಅಂದರೆ ನಾನು ಮಾಡಿದ್ದು ಇಷ್ಟು: ಅಲ್ಲೊಂದು ಇಲ್ಲೊಂದು ತುಂಡು ಹೆಕ್ಕಿ, ನನಗೆ ಹೊಂದುವ ಹಾಗೆ ಹೊಲಿದು, ಅವರು ಹೇಳಿದರು ಎಂದು ಬರೆದೆ. ಚೆನ್ನಾಗಿಯೂ ಹೊಲಿದಿದ್ದೇನೆ. ನಿಮಗೆ ಅನುಮಾನ ಬಂದಿರಲಿಲ್ಲ. ಈಗ ನಿಮ್ಮ ನೆನಪಿನಲ್ಲೂ ಅದೇ ಕೂತಿದೆ.

ಅವರ ಕಿವಿಯ ಹಿಂದಿನ ಎಳೆ ಯಾವ ಕಡೆಗೆ ಬಾಗಿತ್ತೆಂದು ಇವತ್ತೂ ಕಣ್ಣು ಮುಚ್ಚಿ ಹೇಳಬಲ್ಲೆ. ಅಷ್ಟು ನೋಡಿದ್ದೇನೆ. ನೋಡುವಾಗ ಕೇಳಿಸಿಕೊಳ್ಳುವುದು ನಿಂತುಹೋಗುತ್ತದೆಯೇ? ನನಗೊಬ್ಬಳಿಗೇ ಹೀಗೋ, ಎಲ್ಲರಿಗೂ ಹೀಗೋ? ತಿಳಿದುಕೊಳ್ಳುವ ಆಸೆಯಿದೆ.

ಕಾಗದದ ಟ್ರೆನೀಸ್ ಅವರನ್ನೇ ಕೇಳಿದೆ: ನೀವೇ ಹೇಳಿಬಿಡಿ. ಅವರು ಬಾಯಿ ತೆರೆದರು. ನನ್ನ ದನಿ ಬಂತು. ಮೊದಲಿನಿಂದಲೂ ಹಾಗೇ ಬರುತ್ತಿತ್ತು. ಬೆಕ್ಕಿನ ಮಾತೂ ನನ್ನದೇ, ಕುಣಿತದ ಮಾತೂ ನನ್ನದೇ.

೧೦

ಈ ಭಾಗವನ್ನು ಖಾಲಿ ಬಿಡಬೇಕೆಂದಿದ್ದೆ. ಪುಟದಲ್ಲಿ ಜಾಗ ಅಳೆದು ಗೆರೆಯನ್ನೂ ಎಳೆದಿದ್ದೆ. ಆದರೆ ಖಾಲಿ ಜಾಗ ತನ್ನಷ್ಟಕ್ಕೆ ತುಂಬುವುದಿಲ್ಲ, ಮತ್ತು ಸುಮ್ಮನಿರುವುದರಲ್ಲಿ ನಾನು ಆಗಲೇ ಪಳಗಿದ್ದೇನೆ.

ನಿನ್ನೆ ಮಧ್ಯಾಹ್ನ, ಪಾರ್ಲರಿನಲ್ಲಿ ಎಲ್ಲರೂ ಇರುವಾಗಲೇ, ಫೋನ್ ಮಾಡಿದೆ. ನಾಲಗೆ ಒಣಗಿತ್ತು. ಆರು ಸಲ ರಿಂಗಾಯಿತು. ಆಮೇಲೆ, ಏನಿದ್ದರೂ ಹೇಳಿ ಎಂದು ಯಂತ್ರ ಹೇಳಿತು. ನಾನು ಹೇಳಿದ್ದು ಇಷ್ಟು. ಕತ್ತರಿಸಿಲ್ಲ, ಸೇರಿಸಿಲ್ಲ.

"ಮಿಸ್ ಟ್ರೆನೀಸ್, ನಾನು ಜೊನೆಲ್. ಅರ್ಲೀನ್ ಅತ್ತೆ ಪಾರ್ಲರಿಂದ. ನಿಮ್ಮ ವಾಕ್ಯ ನಂಗೆ ಸರಿಯಾಗಿ ನೆನಪಿಲ್ಲ. ಇನ್ನೊಂದ್ಸಲ ಹೇಳ್ತೀರಾ."